ಹುತ್ತರಿಗೆ ಮೊದಲು ಕೊಯ್ದ ಮುದ್ದಿ

ಮೂರ್ನಾಡಿನಿಂದ ಎರಡು ಮೈಲಿ ಒಳಗಿರುವ ನಮ್ಮ ಊರಿನಲ್ಲಿ, ಸಹಕಾರ ಸಂಘಕ್ಕೆ ಕೊಡಬೇಕಾದದ್ದನ್ನು ಗೊತ್ತುಮಾಡಿದ ದಿನದೊಳಗೆ ಕೊಟ್ಟವಳು ಆ ವರ್ಷ ಒಬ್ಬಳೇ. ಅವಳ ಹೆಸರು ಮುದ್ದಿ. ಎರವ ಬುಡಕಟ್ಟಿನ ಹೆಂಗಸು, ವಿಧವೆ, ನನ್ನ ದೊಡ್ಡಪ್ಪನ ಮಗ ಪೂವಯ್ಯನ ಗದ್ದೆಯಲ್ಲಿ ಕೆಲಸಕ್ಕಿದ್ದವಳು. ಕೊಟ್ಟದ್ದರಿಂದ ಅವಳಿಗೆ ಏನಾಯಿತು ಎಂಬುದನ್ನು ಬರೆಯುತ್ತಿದ್ದೇನೆ. ದೇಶ ಬೆಳೆಯಬೇಕಾದರೆ ಸಂಸ್ಥೆಗಳು ಇರಬೇಕು, ಗಟ್ಟಿಯಾಗಿರಬೇಕು, ಅವುಗಳ ನಿಯಮ ಎಲ್ಲರಿಗೂ ಒಂದೇ ಆಗಿರಬೇಕು ಎನ್ನುತ್ತಾರೆ. ನಾನೂ ಮಡಿಕೇರಿಯಲ್ಲಿ ಬಹಳ ವರ್ಷ ಅದನ್ನೇ ಪಾಠ ಮಾಡಿದೆ. ಮಾತು ಸುಳ್ಳಲ್ಲ. ಆದರೆ ಒಂದೇ ಊರಿನಲ್ಲಿ ಗಟ್ಟಿಯಾದ ಸಂಸ್ಥೆಗಳು ಎರಡಿದ್ದು, ಎರಡೂ ಯಾರಿಗಾಗಿಯೂ ಬಗ್ಗದಿದ್ದರೆ ನಡುವೆ ಸಿಕ್ಕಿದವರ ಗತಿ ಏನು ಎಂಬುದು ಪಾಠದಲ್ಲಿ ಇರಲಿಲ್ಲ.

ಮುದ್ದಿ ಹುಟ್ಟಿದ್ದು ನಮ್ಮ ಕೂಡುಕುಟುಂಬದ ಗದ್ದೆಯ ಅಂಚಿನ ಗುಡಿಸಲಿನಲ್ಲಿ. ಅವಳ ತಂದೆ ತಾಯಿ ಇಬ್ಬರೂ ನಮ್ಮ ಮನೆಯ ಮುಂಗಡದ ಆಳುಗಳು. ಜುಲೈ ನಡುವಿನಲ್ಲಿ ಕಕ್ಕಡ ತಿಂಗಳ ಮಳೆ ಹಿಡಿಯುವ ಹೊತ್ತಿಗೆ ಆಳುಗಳ ಗುಡಿಸಲಿನಲ್ಲಿ ಭತ್ತ ಮುಗಿದಿರುತ್ತದೆ. ಆಗ ಯಜಮಾನನ ಪತ್ತಾಯದಿಂದ, ಎಂದರೆ ಕಣಜದಿಂದ, ಭತ್ತ ಅಳೆಸಿಕೊಂಡರೆ ಮುಂದಿನ ಮಳೆಗಾಲದವರೆಗೆ ಆ ಮನೆಯದೇ ಕೆಲಸ. ಪಕ್ಕದ ಎಸ್ಟೇಟಿನಲ್ಲಿ ಕಾಫಿ ಪಿಕ್ಕಿಂಗಿಗೆ ದಿನಗೂಲಿ ಕೊಡುತ್ತಿದ್ದರೂ ಹೋಗುವಂತಿಲ್ಲ. ತಿಂದದ್ದು ದುಡಿದು ತೀರುವಷ್ಟರಲ್ಲಿ ಮತ್ತೆ ಮಳೆ. ಮಕ್ಕಳು ದೊಡ್ಡವರಾದರೆ ಅವರ ಹೊಟ್ಟೆಗೂ ಸೇರಿಸಿ ಅಳೆಸಬೇಕು, ಆಗ ಅವರೂ ಮುಂಗಡಕ್ಕೆ ಸೇರಿದಂತೆ. ಕೊಡುವವರು ಇದನ್ನು ಉಪಕಾರ ಎಂದೇ ತಿಳಿದಿದ್ದರು. ತೆಗೆದುಕೊಳ್ಳುವವರು ಹಸಿವಿಗಿಂತ ವಾಸಿ ಎಂದು ತಿಳಿದಿದ್ದರು.

ಮುದ್ದಿಯ ಗಂಡ ಮುತ್ತ, ನಮ್ಮ ಕಾಫಿ ತೋಟದ ನೆರಳು ಮರದ ಕೊಂಬೆ ಕಡಿಯುವಾಗ ಬಿದ್ದು ಸತ್ತ. ಅವಳ ಸೊಂಟದ ಮೇಲೆ ಆಗ ಚಿನ್ನಿ ಎಂಬ ಹೆಣ್ಣು ಮಗು. ಪೂವಯ್ಯ ಅವಳನ್ನು ಕರೆದು, ಗದ್ದೆಯ ಕೊನೆಯಲ್ಲಿ ನೀರು ಹರಿಯುವ ತೋಡಿನ ಪಕ್ಕ ಜೌಗು ಹಿಡಿದು ಬಿದ್ದಿದ್ದ ಒಂದು ಮೂಲೆಯನ್ನು ತೋರಿಸಿ, "ಅದನ್ನು ನೀನೇ ಮಾಡಿಕೋ, ನಂಗೆ ಪಾಲು ಬೇಡ" ಎಂದ. ಬಾಯಿಮಾತು. ಮುದ್ದಿ ನಮ್ಮ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಅಲ್ಲಿ ಕಾಲುವೆ ತೋಡಿದಳು, ಕೆಸರು ಎತ್ತಿ ಏರಿ ಕಟ್ಟಿದಳು. ಕೆಲವು ವರ್ಷಕ್ಕೆ ಅದು ಗದ್ದೆಯಾಯಿತು. ಆದರೂ ಅದರ ಭತ್ತ ಕಕ್ಕಡದವರೆಗೆ ಬರುತ್ತಿರಲಿಲ್ಲ. ಪ್ರತಿ ವರ್ಷವೂ ಅವಳು ನಮ್ಮ ಅಂಗಳಕ್ಕೆ ಕುಕ್ಕೆ ಹಿಡಿದು ಬರಲೇಬೇಕಾಗಿತ್ತು. ಚಿನ್ನಿ ಬೆಳೆಯುತ್ತಿದ್ದಳು. ಅವಳು ಕೆಲಸಕ್ಕೆ ತಕ್ಕವಳಾಗುವುದರೊಳಗೆ ಮುಂಗಡದಿಂದ ಹೊರಗೆ ಬರಬೇಕು ಎಂಬುದೊಂದೇ ಮುದ್ದಿಯ ಯೋಚನೆ. ಅದನ್ನು ಅವಳು ಯಾರಿಗೂ ಮುಚ್ಚಿಟ್ಟಿರಲಿಲ್ಲ. ಒಮ್ಮೆ ನಾನು ರಜೆಗೆ ಬಂದಾಗ ನನಗೂ ಹೇಳಿದಳು: "ಅಮ್ಮ, ಇವಳಿಗೆ ನಿಮ್ಮ ಮನೆ ಭತ್ತ ಅಳೆಸೂದಿಲ್ಲ ನಾನು. ಎಸ್ಟೇಟಿಗೆ ಹೋಗ್ಲಿ, ಎಲ್ಲಾದ್ರೂ ಹೋಗ್ಲಿ. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗೂದು ಅಂತ ಅವಳೇ ಹೇಳ್ಬೇಕು."

ನಮ್ಮ ಊರಿನಲ್ಲಿ ಹಿಂದಿನಿಂದಲೂ ಒಂದು ಧವಸ ಭಂಡಾರವಿತ್ತು. ಗದ್ದೆಯುಳ್ಳವರು ಒಬ್ಬೊಬ್ಬರೂ ಇಷ್ಟು ಭತ್ತ ಎಂದು ಹಾಕಿ, ಮಳೆಗಾಲದಲ್ಲಿ ಬೇಕಾದವರು ಒಯ್ದು, ಸುಗ್ಗಿಯ ಹುತ್ತರಿ ಹಬ್ಬ ಕಳೆದ ಮೇಲೆ ಸ್ವಲ್ಪ ಸೇರಿಸಿ ತಂದು ಹಾಕುತ್ತಿದ್ದರು. ಸಾಲವೂ ಭತ್ತ, ಬಡ್ಡಿಯೂ ಭತ್ತ. ಅದನ್ನು ಹೊಗಳುವವರು ಈಗ ಬಹಳ ಜನ ಇದ್ದಾರೆ. ನಾನು ಹೊಗಳುವುದಿಲ್ಲ. ಗದ್ದೆಯಿಲ್ಲದವರಿಗೆ ಅದರಲ್ಲಿ ಸದಸ್ಯತ್ವ ಇರಲಿಲ್ಲ. ಭತ್ತ ಬೆಳೆಯುತ್ತಲೂ ಇರಲಿಲ್ಲ, ಇಲಿ ತಿಂದು ಉಳಿದದ್ದು ಅಷ್ಟಕ್ಕಷ್ಟೇ ಇರುತ್ತಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಎರಡನೇ ಪಂಚವಾರ್ಷಿಕ ಯೋಜನೆಯ ಗಾಳಿ ನಮ್ಮ ಕಡೆಗೂ ಬೀಸಿತು. ಸಣ್ಣ ಸಣ್ಣ ಭಂಡಾರಗಳನ್ನು ಕೂಡಿಸಿ ಮೂರ್ನಾಡಿನಲ್ಲಿ ಒಂದು ದೊಡ್ಡ ಸಹಕಾರ ಸಂಘ ಮಾಡುವುದು, ಭಂಡಾರಗಳ ಭತ್ತವನ್ನು ಮಾರಿ ಪಾಲು ಬಂಡವಾಳ ಮಾಡುವುದು, ಸರ್ಕಾರ ತನ್ನ ಪಾಲು ಹಾಕುವುದು, ಮೇಲಿನ ಬ್ಯಾಂಕು ಅದರ ಹಲವು ಪಟ್ಟು ಸಾಲ ಕೊಡುವುದು. ಆ ಸಾಲದಿಂದ ಊರಿಗೆ ಭತ್ತ, ಗೊಬ್ಬರ, ಒಳ್ಳೆಯ ಬೀಜ. ಯೋಚನೆ ಕೆಟ್ಟದ್ದಾಗಿರಲಿಲ್ಲ. ಆಳುಗಳನ್ನೂ ಸದಸ್ಯರಾಗಿ ಸೇರಿಸಬೇಕು ಎಂಬುದೂ ಅದರಲ್ಲೇ ಇತ್ತು. ಹಾಸನದ ಕಡೆಯಿಂದ ಬಂದಿದ್ದ ಸಹಕಾರ ಇನ್ಸ್‌ಪೆಕ್ಟರು, ಇನ್ನೂ ಮದುವೆಯಾಗದ ಹುರುಪಿನ ಮನುಷ್ಯ, ಆ ಮಾತನ್ನು ಬಿಡದೆ ಹಿಡಿದರು.

ಪೂವಯ್ಯನೇ ಸಂಘದ ಅಧ್ಯಕ್ಷನಾದ. ಬೇರೆ ಯಾರನ್ನೂ ಮಾಡುವಂತಿರಲಿಲ್ಲ. ಅವನು ಊರಿನ ತಕ್ಕ. ತಕ್ಕ ಎಂದರೆ ದೇವಸ್ಥಾನದ ಕೆಲಸಕ್ಕೂ ಊರಿನ ಕಟ್ಟುಕಟ್ಟಳೆಗೂ ಮುಖ್ಯಸ್ಥ. ಭಂಡಾರದ ಲೆಕ್ಕ ನೋಡುತ್ತಿದ್ದ ಮೊಣ್ಣಪ್ಪ ಸಂಘದ ಕಾರ್ಯದರ್ಶಿಯಾದ.

ಮುದ್ದಿ ತನ್ನ ಮೂಲೆಯ ಭತ್ತವನ್ನು ಒಂದು ಕುಕ್ಕೆಯಲ್ಲಿ ಹೊತ್ತು ಮೂರ್ನಾಡಿಗೆ ಹೋಗಿ ಸದಸ್ಯತ್ವದ ಪಾಲಿಗೆ ಅಳೆದುಕೊಟ್ಟಳು. ಮೊಣ್ಣಪ್ಪ ಅವಳ ಹೆಬ್ಬೆಟ್ಟಿಗೆ ಶಾಯಿ ಹಚ್ಚುತ್ತಾ, "ಇನ್ನು ನೀನೂ ನಾನೂ ಒಂದೇ ಪಂಕ್ತಿ ಮುದ್ದಿ" ಎಂದ.

"ಊಟಕ್ಕೆ ಕರೀರಿ ಅಯ್ಯ, ಆಮೇಲೆ ನಂಬ್ತೇನೆ."

ಮೊಣ್ಣಪ್ಪ ನಕ್ಕ. ಕರೆಯಲಿಲ್ಲ.

ಆ ಕಕ್ಕಡದಲ್ಲಿ ಮುದ್ದಿ ಮೊದಲ ಬಾರಿಗೆ ನಮ್ಮ ಅಂಗಳಕ್ಕೆ ಬರಲಿಲ್ಲ. ಸಂಘದಿಂದ ಸಾಲಕ್ಕೆ ಭತ್ತ ತಂದಳು. ತೋಡಿನ ಬಳಿ ಪೂವಯ್ಯನ ಹೆಂಡತಿ ಬೊಳ್ಳಮ್ಮ ಎದುರಾಗಿ, "ಎಂಥ ಮುದ್ದಿ, ನಮ್ಮ ಪತ್ತಾಯದ ಭತ್ತಕ್ಕೆ ಹುಳ ಬಿದ್ದುಂಟಾ?" ಎಂದು ಕೇಳಿದಳು.

"ಹುಳ ಎಂಥಕ್ಕೆ ಬೀಳ್ತದೆ ಅಮ್ಮ. ಸರ್ಕಾರದ ಭತ್ತ ಬೆಂದ್ರೆ ಹ್ಯಾಂಗಿರ್ತದೆ ನೋಡುವ ಅಂತ."

"ನೋಡು ನೋಡು. ಬೇಯದಿದ್ರೆ ಸೌದೆಗೆ ನಮ್ಮಲ್ಲಿಗೇ ಬರ್ಬೇಕು."

ಆ ವರ್ಷ ಚಿನ್ನಿ ಎಸ್ಟೇಟಿನಲ್ಲಿ ಕಳೆ ತೆಗೆಯಲು ಹೋದಳು. ವಾರದ ಕೊನೆಗೆ ಲೆಕ್ಕ ಬರೆಯುವ ರೈಟರ್ ಅವಳ ಕೈಗೇ ಕೂಲಿ ಕೊಟ್ಟ. ಮುದ್ದಿ ತನ್ನ ಗದ್ದೆಯಲ್ಲಿ ಸಂಘದ ಬೀಜ ಹಾಕಿದ್ದಳು. ಬೇಗ ಮಾಗುವ ತಳಿ. ಜೌಗಿನ ಸಾರಕ್ಕೆ ಅದು ಚೆನ್ನಾಗಿ ಬಂತು.

ಸಂಘದ ಸಾಲವನ್ನು ನವೆಂಬರ್ ಮೂವತ್ತರೊಳಗೆ ತೀರಿಸಬೇಕು ಎಂದು ಮೊದಲ ಸಭೆಯಲ್ಲೇ ಓದಿ ಹೇಳಿದ್ದರು. ಎಲ್ಲರೂ ಕೇಳಿ ತಲೆಯಾಡಿಸಿದ್ದರು. ಯಾರಿಗೂ ಅನುಮಾನ ಬಂದಿರಲಿಲ್ಲ, ಏಕೆಂದರೆ ಯಾರೂ ಅದನ್ನು ದಿನಾಂಕ ಎಂದು ಕೇಳಿಸಿಕೊಂಡಿರಲಿಲ್ಲ. ಹಳೆಯ ಭಂಡಾರದ ಕಾಗದದಲ್ಲೂ ಯಾವುದೋ ತಾರೀಖು ಇತ್ತಂತೆ. ಆದರೆ ಆಗ ಅದನ್ನು ವಿಚಾರಿಸುವ ಅಧಿಕಾರಿ ಮಡಿಕೇರಿಯಲ್ಲಿದ್ದ, ಊರಿನ ಹುತ್ತರಿಗೆ ತಾನೂ ಬರುತ್ತಿದ್ದ. ಹುತ್ತರಿಯ ದಿನ ಮೊದಲ ಕದಿರು ತೆಗೆಯುವವರೆಗೆ ಗದ್ದೆಗೆ ಕತ್ತಿ ಇಳಿಸುವಂತಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಹಾಗಾಗಿ ಕಾಗದದಲ್ಲಿ ಏನೇ ಬರೆದಿರಲಿ, ಅದರ ಅರ್ಥ ಹುತ್ತರಿ ಕಳೆದ ಮೇಲೆ ಎಂದೇ ಆಗಿತ್ತು. ಹೊಸ ಸಂಘಕ್ಕೂ ಹಾಗೆಯೇ ಎಂದು ಊರಿನವರೆಲ್ಲ ನಂಬಿದ್ದರು.

ಹುತ್ತರಿಯ ದಿನವನ್ನು ಕಕ್ಕಬೆಯ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ನಕ್ಷತ್ರ, ಹುಣ್ಣಿಮೆ ನೋಡಿ ನಿಶ್ಚಯಿಸುತ್ತಾರೆ. ಅದು ನವೆಂಬರಿನ ಕೊನೆಗೆ ಬರುವುದುಂಟು, ಡಿಸೆಂಬರಿಗೆ ಜಾರುವುದೂ ಉಂಟು. ೧೯೫೯ರಲ್ಲಿ ಅದು ಡಿಸೆಂಬರಿನ ನಡುವಿಗೆ ಬಿತ್ತು.

ಪೂವಯ್ಯ ಇನ್ಸ್‌ಪೆಕ್ಟರನ್ನು ಮನೆಗೆ ಕರೆಸಿ ವಿಷಯ ಹೇಳಿದ. ಅವರು ಒಳ್ಳೆಯವರು. "ನೀವು ಹೇಳೋದು ನ್ಯಾಯವೇ ಸ್ವಾಮಿ. ಆದ್ರೆ ತಾರೀಖು ನನ್ನದಲ್ಲ. ಬರೆದು ಕಳಿಸ್ತೀನಿ" ಎಂದರು. ಬರೆದರು ಕೂಡ. ಪೂವಯ್ಯ ಮಡಿಕೇರಿಗೂ ಹೋದ. ಅಲ್ಲಿಯ ಅಧಿಕಾರಿ ಕುರ್ಚಿ ಕೊಟ್ಟು ಕೂರಿಸಿ, ತಾರೀಖು ಬ್ಯಾಂಕಿನದು ಎಂದ. ಬ್ಯಾಂಕಿನವನು ಕಾಫಿ ತರಿಸಿ, ಅದು ಬೆಂಗಳೂರಿನದು, ಇಡೀ ರಾಜ್ಯಕ್ಕೆ ಒಂದೇ, ಒಂದು ಜಿಲ್ಲೆಗೆ ಬದಲಿಸಿದರೆ ಎಲ್ಲರೂ ಕೇಳುತ್ತಾರೆ ಎಂದ. ಅದೂ ನ್ಯಾಯವೇ. ಹಿಂದಿರುಗಿದವನನ್ನು ಮೊಣ್ಣಪ್ಪ ಕೇಳಿದ:

"ತಕ್ಕರೆ, ಆ ಕಡೆ ಆಗದಿದ್ರೆ ಈ ಕಡೆ ಏನಾದ್ರೂ ಆಗ್ತದಾ? ಮಾಗಿದ ಗದ್ದೆ ನಾಲ್ಕು ಇದೆ. ಮೊದಲೇ ಕೊಯ್ಯಲಿಕ್ಕೆ ನೀವು ಒಂದು ಮಾತು ಹೇಳಿದ್ರೆ."

"ದಿನ ಇಡೂದು ನಾನಾ?" ಎಂದ ಪೂವಯ್ಯ. "ಕಕ್ಕಬೆಯಲ್ಲಿ ಕೇಳಿದ್ರೆ ನಕ್ಷತ್ರದ್ದು ಅಂತಾರೆ. ಬೆಂಗಳೂರಲ್ಲಿ ಕೇಳಿದ್ರೆ ಇನ್ನೂ ಮೇಲಿನವರದ್ದು ಅಂತಾರೆ. ಎರಡು ಕಡೆಯೂ ಮೇಲೇ ನೋಡ್ಬೇಕು."

ಕೊನೆಗೆ ಊರು ಒಂದು ತೀರ್ಮಾನಕ್ಕೆ ಬಂತು: ಹುತ್ತರಿ ಕಳೆಯಲಿ, ಕೂಡಲೇ ಕೊಡೋಣ. ಎಲ್ಲರೂ ತಡಮಾಡಿದರೆ ಯಾರನ್ನು ಹಿಡಿಯುತ್ತಾರೆ? ಗದ್ದೆ, ಮನೆ, ಪತ್ತಾಯ ಇದ್ದವರಿಗೆ ಆ ಧೈರ್ಯ ಸಹಜ. ಮೊಣ್ಣಪ್ಪ ಮುದ್ದಿಗೂ ಅದನ್ನೇ ಹೇಳಿದ. "ಎಲ್ಲರಿಗೂ ಆದದ್ದು ನಿಂಗೂ ಆಗ್ತದೆ."

"ಎಲ್ಲರಿಗೂ ಆದ ಮೇಲೆ ತಿನ್ನಲಿಕ್ಕೆ ಎಲ್ಲರ ಮನೇಲೂ ಉಂಟು ಅಯ್ಯ. ನಂಗೆ ಸಂಘ ಕೊಡದಿದ್ರೆ ಎಲ್ಲಿಗೆ ಹೋಗೂದು? ಬೊಳ್ಳಮ್ಮ ಹೇಳಿದ ಜಾಗಕ್ಕೇ."

ಅವಳ ಗದ್ದೆ ನವೆಂಬರ್ ನಡುವಿನಲ್ಲೇ ಮಾಗಿ ತೆನೆ ಬಾಗಿತ್ತು. ಹಕ್ಕಿ ಕಾಯುತ್ತಾ ಏರಿಯ ಮೇಲೆ ಕುಳಿತಿದ್ದಾಗ ಇನ್ಸ್‌ಪೆಕ್ಟರು ಸೈಕಲ್ ಇಳಿದು ಬಂದು ಬೆಳೆ ನೋಡಿ ಸಂತೋಷಪಟ್ಟರು.

"ಸ್ವಾಮಿ, ತಾರೀಖಿನ ಒಳಗೆ ಕೊಟ್ರೆ ಬರೂ ಮಳೆಗಾಲಕ್ಕೆ ಮತ್ತೆ ಸಿಗ್ತದಾ?"

"ಸಿಗದೆ ಏನಮ್ಮ. ಈ ಸಲಕ್ಕಿಂತ ಜಾಸ್ತಿನೇ ಸಿಗುತ್ತೆ."

"ಬೇರೆಯವರು ಕೊಡದಿದ್ರೆ?"

"ಅವರದ್ದು ಅವರಿಗೆ. ಕೊಟ್ಟೋರಿಗೆ ಸಿಗುತ್ತೆ ಕಣಮ್ಮ, ನಾನಿಲ್ವಾ."

ಅವರು ಸುಳ್ಳು ಹೇಳಲಿಲ್ಲ. ಹಾಗೆಯೇ ಇರಬೇಕು ಎಂದು ಅವರೂ ನಂಬಿದ್ದರು.

ಮುದ್ದಿ ಕೊಯ್ದಳು. ಕದ್ದು ಕೊಯ್ಯಲಿಲ್ಲ. ಬಿಸಿಲು ಏರಿದ ಮೇಲೆ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ, ಚಿನ್ನಿಯನ್ನು ಜೊತೆಗಿಟ್ಟುಕೊಂಡು ಕೊಯ್ದಳು. ಚಾಪೆಯ ಮೇಲೆ ಬಡಿದು, ತೂರಿ, ಒಣಗಿಸಿ, ತಾಯಿ ಮಗಳು ಹೊತ್ತು ಮೂರ್ನಾಡಿಗೆ ಹೋದರು. ಆ ಹೊಸ ಭತ್ತವನ್ನು ಗೋದಾಮಿನ ಬಾಗಿಲಲ್ಲಿ ಕಂಡಾಗ ಮೊಣ್ಣಪ್ಪ ಅಳತೆಯ ಸೇರು ಎತ್ತಲಿಲ್ಲವಂತೆ. ಊರಿನವನಾಗಿ ಹುತ್ತರಿಗೆ ಮೊದಲು ಅದನ್ನು ಮುಟ್ಟುವಂತಿಲ್ಲ, ಕಾರ್ಯದರ್ಶಿಯಾಗಿ ಬೇಡ ಎನ್ನುವಂತಿಲ್ಲ. ಅಲ್ಲೇ ಕಾಗದ ಬರೆಯುತ್ತಿದ್ದ ಇನ್ಸ್‌ಪೆಕ್ಟರೇ ಎದ್ದು ಅಳೆಸಿದರು. ರಸೀದಿಯನ್ನೂ ಅವರೇ ಬರೆದರು.

ಅಷ್ಟಕ್ಕೆ ನಿಂತಿದ್ದರೆ ಊರು ಗೊಣಗಿ ಮರೆಯುತ್ತಿತ್ತೇನೋ. ತಾರೀಖು ಕಳೆದ ಮರುವಾರ ಅಭಿವೃದ್ಧಿ ಬ್ಲಾಕಿನ ಸಭೆ ಮೂರ್ನಾಡಿನಲ್ಲೇ ನಡೆಯಿತು. ಇನ್ಸ್‌ಪೆಕ್ಟರು ವೇದಿಕೆಯ ಮೇಲೆ ನಿಂತು, ಗದ್ದೆ ಎಷ್ಟಿದ್ದರೇನು, ಮನಸ್ಸಿದ್ದರೆ ಹೊತ್ತಿಗೆ ಸಾಲ ತೀರಿಸಬಹುದು ಎಂದು ಮುದ್ದಿ ತೋರಿಸಿಕೊಟ್ಟಿದ್ದಾಳೆ ಎಂದು ಹೊಗಳಿದರು. ಎಲ್ಲರ ಎದುರು ಅವಳನ್ನು ಎದ್ದು ನಿಲ್ಲಲು ಹೇಳಿದರು. ಅವಳು ನಿಂತಳು. ಊರಿನ ಹಿರಿಯರೆಲ್ಲ ಅಲ್ಲಿದ್ದರು, ಅವರ ಪೈರು ಇನ್ನೂ ಗದ್ದೆಯಲ್ಲಿತ್ತು. ಹುತ್ತರಿಗೆ ಮೊದಲು ಕತ್ತಿ ಇಳಿಸಿದವಳನ್ನು ನೋಡಿ ಕಲಿಯಿರಿ ಎಂದು ಸರ್ಕಾರ ಹೇಳಿದ ಹಾಗಾಯಿತು ಅವರಿಗೆ. ಮೆಚ್ಚಿಕೊಳ್ಳುವ ಮೊದಲು ಯಾರ ಎದುರು ಮೆಚ್ಚುತ್ತಿದ್ದೇನೆ ಎಂದು ತಿಳಿಯುವುದೂ ಆಡಳಿತದ ಒಂದು ಭಾಗ. ಅದನ್ನು ಅವರಿಗೆ ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಹುತ್ತರಿ ಬಂತು. ಪೂವಯ್ಯ ಬಿಳಿ ಬಟ್ಟೆ ಉಟ್ಟು ಗದ್ದೆಗಿಳಿದು ಕದಿರು ತೆಗೆದ. ಎಲ್ಲರೂ "ಪೊಲಿ ಪೊಲಿ ದೇವಾ" ಎಂದು ಕೂಗಿದರು. ಪೊಲಿ ಎಂದರೆ ಹೆಚ್ಚಲಿ ಎಂದು. ಯೋಜನಾ ಆಯೋಗ ಬೇಡುವುದೂ ಬೇರೆ ಏನನ್ನೂ ಅಲ್ಲ.

ಮರುದಿನ ಆಳುಗಳು ಹುತ್ತರಿಯ ಭತ್ತ, ಬಾಳೆಹಣ್ಣು ತೆಗೆದುಕೊಳ್ಳಲು ಅಂಗಳಕ್ಕೆ ಬಂದರು. ನಾನು ಜಗಲಿಯಲ್ಲಿದ್ದೆ. ಬೊಳ್ಳಮ್ಮ ಎಲ್ಲರಿಗೂ ಕೊಟ್ಟಂತೆ ಮುದ್ದಿಗೂ ಕೊಟ್ಟಳು. ಉಳಿದವರು ಹೋದ ಮೇಲೆ ಪೂವಯ್ಯ ಅವಳನ್ನು ನಿಲ್ಲಿಸಿಕೊಂಡ.

"ಮುದ್ದಿ, ಬರೂ ವರ್ಷ ಆ ಮೂಲೆಗೆ ಇಳಿಯಬೇಡ."

ಅವಳು ಬಾಳೆಹಣ್ಣನ್ನು ಸೆರಗಿಗೆ ಕಟ್ಟಿಕೊಂಡಳು.

"ಊರಿನವರು ನಿನ್ನ ಗುಡಿಸಲೇ ತೆಗೆಸಿ ಅಂತ ಕೂತಿದ್ರು. ಗದ್ದೆ ಬೀಳು ಬಿಡ್ತೇನೆ, ದೇವರಿಗೆ ತಪ್ಪುಕಾಣಿಕೆ ನಾನೇ ಹಾಕ್ತೇನೆ, ಅಷ್ಟಕ್ಕೆ ಸಾಕು ಅಂತ ಹೇಳಿ ಬಂದೆ."

"ಸಂಘಕ್ಕೆ ತಾರೀಖಿನ ಒಳಗೆ ಕೊಡಿ ಅಂತ ಹೇಳಿದ್ದು ನೀವೇ ಅಯ್ಯ. ಸಭೇಲಿ."

"ಹೌದು, ನಾನೇ."

"ಈಗ ಹೇಳೂದೂ ನೀವೇ."

"ಅದೂ ನಾನೇ" ಎಂದ ಪೂವಯ್ಯ. "ಅಧ್ಯಕ್ಷ ಅಂತ ಆದ್ರೆ ನಿಂಗೆ ಶಾಲು ಹೊದಿಸ್ಬೇಕು. ತಕ್ಕ ಅಂತ ಆದ್ರೆ ಹೀಗೆ. ಎರಡೂ ನಾನು ಕೇಳಿ ತಕ್ಕೊಂಡದ್ದಲ್ಲ."

"ಹಾಗಾದ್ರೆ ಶಾಲು ಬೇಡ ಅಯ್ಯ, ಚಳಿಗಾಲ ಕಳೀತದೆ. ಗದ್ದೆ ಇರ್ಲಿ."

ಪೂವಯ್ಯನ ತುಟಿಯಲ್ಲಿ ನಗು ಬಂದು ಹೋಯಿತು. ಮಾತು ಬದಲಿಸಲಿಲ್ಲ. ಬದಲಿಸಿದ್ದರೆ ಅವನು ತಕ್ಕನಾಗಿ ಉಳಿಯುತ್ತಿರಲಿಲ್ಲ, ಅವನ ಜಾಗಕ್ಕೆ ಬಂದವನು ಗುಡಿಸಲನ್ನೂ ತೆಗೆಸುತ್ತಿದ್ದ. ಇದನ್ನು ನಾನು ಅವನ ಪರವಾಗಿ ಹೇಳುತ್ತಿಲ್ಲ. ಇದ್ದ ಸಂಗತಿ ಅದು.

ಮುದ್ದಿಗೆ ಇನ್ನು ಉಳಿದದ್ದು ಸಂಘ. ಊರಿನವರೆಲ್ಲ ತೀರ್ಮಾನದಂತೆ ಹುತ್ತರಿ ಕಳೆದ ಕೂಡಲೇ ತಮ್ಮ ತಮ್ಮ ಸಾಲ ತೀರಿಸಿದ್ದರು, ಬಡ್ಡಿ ಸಹಿತ. ಗೋದಾಮಿನಲ್ಲಿ ಜಾಗ ಸಾಲದಷ್ಟು ಭತ್ತ ಬಂತು. ಅದನ್ನು ಮಾರಿ ಮೊಣ್ಣಪ್ಪ ಬ್ಯಾಂಕಿನ ಸಾಲ ಪೂರ್ತಿ ಕಟ್ಟಿದ. ಎಲ್ಲ ಸರಿಯಾಯಿತು ಎಂದುಕೊಂಡರು.

ಮರುವರ್ಷದ ಸಾಲಕ್ಕೆ ಬರೆದಿದ್ದ ಅರ್ಜಿಗೆ ಮುಂಗಾರು ಹಿಡಿದ ಮೇಲೆ ಬ್ಯಾಂಕಿನಿಂದ ಉತ್ತರ ಬಂತು. ನವೆಂಬರ್ ಮೂವತ್ತಕ್ಕೆ ಸಂಘದ ಸಾಲದಲ್ಲಿ ಬಹುಪಾಲು ಬಾಕಿ ಇತ್ತು. ಆ ದಿನಕ್ಕೆ ಬಾಕಿ ಇದ್ದ ಸಂಘಕ್ಕೆ ಮರುವರ್ಷ ಸಾಲವಿಲ್ಲ. ಆಮೇಲೆ ಕಟ್ಟಿದ್ದು ಕಟ್ಟಿದಂತೆ ಜಮಾ ಆಗಿದೆ, ಅದರಿಂದ ಬಾಕಿದಾರ ಸಂಘ ಎಂಬ ವರ್ಗೀಕರಣ ಬದಲಾಗುವುದಿಲ್ಲ. ಒಬ್ಬೊಬ್ಬ ಸದಸ್ಯ ಏನು ಮಾಡಿದ ಎಂಬುದನ್ನು ಬ್ಯಾಂಕು ನೋಡುವುದಿಲ್ಲ, ಸಂಘ ಏನು ಮಾಡಿತು ಎಂಬುದನ್ನಷ್ಟೇ ನೋಡುತ್ತದೆ. ಪೂವಯ್ಯ ಮತ್ತೆ ಮಡಿಕೇರಿಗೆ ಹೋದ, ಮತ್ತೆ ಕುರ್ಚಿ, ಮತ್ತೆ ಕಾಫಿ. ಬೆಂಗಳೂರಿಗೆ ಅರ್ಜಿ ಬರೆಸಿದ. ಮಳೆ ಅದಕ್ಕೆ ಕಾಯಲಿಲ್ಲ.

ಮುದ್ದಿ ಮೂರ್ನಾಡಿಗೆ ಹೋದಳು. ಗೋದಾಮಿನಲ್ಲಿ ಗೊಬ್ಬರದ ಖಾಲಿ ಚೀಲಗಳು, ಮೊಣ್ಣಪ್ಪ ಮತ್ತು ಒಂದು ಬೆಕ್ಕು.

"ಕೊಟ್ಟವರಿಗೆ ಸಿಗ್ತದೆ ಅಂತ ಹೇಳಿದ್ರು."

"ಹೇಳಿದವರಿಗೆ ವರ್ಗ ಆಯ್ತು ಮುದ್ದಿ. ಚಿತ್ರದುರ್ಗದ ಕಡೆಗೆ."

"ಹಾಗಾದ್ರೆ ನನ್ನ ಪಾಲು ವಾಪಸ್ ಕೊಡಿ. ಆ ಕುಕ್ಕೆ ಭತ್ತ. ಒಂದಷ್ಟು ದಿನ ಆದ್ರೂ ತಿಂತೇವೆ."

"ಪಾಲು ವಾಪಸ್ ಕೊಡಲಿಕ್ಕೆ ಆಗೂದಿಲ್ಲ. ಸಂಘ ಇರುವವರೆಗೆ ನೀನು ಸದಸ್ಯೆ."

"ಹಳೇ ಭಂಡಾರದ ಭತ್ತ?"

"ಅದನ್ನು ಮಾರಿಯೇ ಅಲ್ಲವಾ ಸಂಘ ಮಾಡಿದ್ದು" ಎಂದ ಮೊಣ್ಣಪ್ಪ. ತನ್ನ ಮನೆಯಲ್ಲಿ ಉಳಿದಿದ್ದ ಅಕ್ಕಿಯಲ್ಲಿ ಸ್ವಲ್ಪ ಅವಳ ಸೆರಗಿಗೆ ಕಟ್ಟಿ ಕಳಿಸಿದ. ಅವನ ಮನೆಗೂ ಆ ವರ್ಷ ಸಾಲುವಷ್ಟು ಇರಲಿಲ್ಲ.

ಎಸ್ಟೇಟಿನ ಕೆಲಸ ಮಳೆಗೆ ನಿಂತಿತ್ತು. ಚಿನ್ನಿಯ ಕೂಲಿಯಲ್ಲಿ ಉಳಿಸಿದ್ದನ್ನು ಮುದ್ದಿ ಗೆಣಸು, ನುಚ್ಚು ಎಂದು ತಿಂದು ಮುಗಿಸುವವರೆಗೆ ತಡೆದುಕೊಂಡಳು. ಅಷ್ಟರಲ್ಲಿ ಊರಿನಲ್ಲಿ ಗದ್ದೆಯುಳ್ಳವರೂ ಪೂವಯ್ಯನ ಅಂಗಳಕ್ಕೆ ಬರತೊಡಗಿದ್ದರು. ಭಂಡಾರ ಹೋಗಿತ್ತು, ಸಂಘ ಮುಚ್ಚಿದಂತಿತ್ತು, ಭತ್ತ ಇದ್ದದ್ದು ಅವನ ಪತ್ತಾಯದಲ್ಲಿ ಮಾತ್ರ. ಅವನು ಬಯಸದೆಯೇ ಊರೆಲ್ಲ ಅವನಿಗೆ ಋಣಿಯಾಯಿತು. ಊರಿನ ಸಾಲವನ್ನು ಒಬ್ಬನ ಕೈಯಿಂದ ಬಿಡಿಸಲೆಂದು ಕಟ್ಟಿದ ಸಂಘ ಎರಡೇ ವರ್ಷದಲ್ಲಿ ಅದನ್ನು ಒಬ್ಬನ ಕೈಗೆ ತಂದು ಕೊಟ್ಟಿತು.

ಮುದ್ದಿ ಬಂದದ್ದು ಎಲ್ಲರಿಗಿಂತ ಕೊನೆಗೆ. ಆ ದಿನವೂ ನಾನು ಜಗಲಿಯಲ್ಲಿದ್ದೆ. ಜೊತೆಯಲ್ಲಿ ಚಿನ್ನಿ. ಇಬ್ಬರೂ ಮಳೆಗೆ ಹೊದ್ದ ಎಲೆಯ ಗೊರಗದ ಅಡಿಯಿಂದ ಹೊರಗೆ ಬರದೆ ಅಂಗಳದಲ್ಲಿ ನಿಂತರು. ಬೊಳ್ಳಮ್ಮ ಅವರನ್ನು ನೋಡಿ ಹಳೆಯ ತಮಾಷೆಯನ್ನು ಎತ್ತಲಿಲ್ಲ. ಒಳಗೆ ಹೋಗಿ ಅಳತೆಯ ಸೇರು ತಂದಳು.

ಪೂವಯ್ಯ ಹೇಳಿದ: "ಅವಳಿಗೆ ಬೇಕಾದಷ್ಟು ಹಾಕು. ಮುಂಗಡ ಅಂತ ಅಲ್ಲ. ಹಾಗೇ ಕೊಡು."

ಮುದ್ದಿ ಕುಕ್ಕೆಯನ್ನು ಕೆಳಗಿಡಲಿಲ್ಲ. "ಹಾಗೇ ಬೇಡ ಅಯ್ಯ."

"ಎಂಥಕ್ಕೆ ಬೇಡ? ನಿನ್ನ ಮಗಳು ಮುಂಗಡಕ್ಕೆ ಬರೂದು ಬೇಡ ಅಂತ ಊರಿಗೆಲ್ಲ ಹೇಳ್ತಿದ್ದೆ. ಬರೂದು ಬೇಡ. ಕೊಂಡು ಹೋಗು."

"ಈ ವರ್ಷ ಹಾಗೇ ಕೊಡ್ತೀರಿ. ಬರೂ ವರ್ಷ ನಿಮಗೆ ಮನಸ್ಸಿಲ್ಲದಿದ್ರೆ ನಾನು ಯಾವ ಬಾಯಲ್ಲಿ ಕೇಳೂದು? ಗದ್ದೆಯೂ ಹಾಗೇ ಕೊಟ್ಟದ್ದಲ್ಲವಾ ಅಯ್ಯ, ಹಾಗೇ ಹೋಯ್ತು. ಸಂಘದಲ್ಲಿ ಕೇಳಲಿಕ್ಕೆ ರಸೀದಿ ಇತ್ತು, ಅದೂ ಆಗ್ಲಿಲ್ಲ. ಮುಂಗಡ ಆದ್ರೆ ಮಳೆ ಬಂದಾಗ ಕೊಡೂದು ಉಂಟು. ನಿಮ್ಮ ಅಪ್ಪನೂ ಕೊಟ್ಟಿದ್ರು, ನೀವೂ ಕೊಟ್ಟಿದ್ದೀರಿ. ಅದೊಂದು ತಪ್ಪಿದ್ದಿಲ್ಲ. ಇಬ್ಬರಿ‌ಗೂ ಅಳೀರಿ."

ಪೂವಯ್ಯ ನನ್ನ ಕಡೆ ನೋಡಿದ. ಓದಿದವಳು ಏನಾದರೂ ಹೇಳುತ್ತಾಳೆ ಎಂದಿರಬೇಕು. ಅವಳ ಲೆಕ್ಕದಲ್ಲಿ ನನಗೆ ತಪ್ಪು ಕಾಣಲಿಲ್ಲ. ಬೊಳ್ಳಮ್ಮ ಅಳೆದಳು, ಇಬ್ಬರಿಗೂ. ಚಿನ್ನಿ ಆ ಮಧ್ಯಾಹ್ನವೇ ನಾಟಿಗೆ ಭತ್ತದ ಅಗೆ ಕೀಳುವ ಹೆಂಗಸರ ಸಾಲಿನಲ್ಲಿ ನಿಂತಳು.

ಸಾಲ ತೀರಿಸುವ ತಾರೀಖು ಕೆಲವು ವರ್ಷಗಳ ಮೇಲೆ ಮಾರ್ಚಿ ತಿಂಗಳಿಗೆ ಹೋಯಿತು. ನಮ್ಮ ಅರ್ಜಿಯಿಂದಲೋ, ಬೇರೆ ಜಿಲ್ಲೆಯವರ ಅರ್ಜಿಯಿಂದಲೋ ಗೊತ್ತಿಲ್ಲ. ಸಂಘ ಮತ್ತೆ ತೆರೆಯಿತು. ಮೊಣ್ಣಪ್ಪ ಗದ್ದೆಗೇ ಬಂದು ಮುದ್ದಿಗೆ ತಿಳಿಸಿದ: ಅವಳ ಪಾಲು ಹಾಗೆಯೇ ಇದೆ, ವಾರ್ಷಿಕ ಸಭೆಗೆ ಬರಬಹುದು, ಕೈಯೆತ್ತಬಹುದು, ಸಾಲವನ್ನೂ ಕೇಳಬಹುದು.

ಅವಳು ಕೆಸರಿನಲ್ಲಿ ನಿಂತೇ ಕೇಳಿಸಿಕೊಂಡಳು. ಚಿನ್ನಿಗೆ ಆಗ ಮದುವೆಯಾಗಿತ್ತು, ಗಂಡನೂ ನಮ್ಮ ಮುಂಗಡದವನೇ.

"ಆ ಸಾಲದಲ್ಲಿ ಚಿನ್ನಿಯನ್ನು ಬಿಡಿಸಲಿಕ್ಕೆ ಆಗ್ತದಾ ಅಯ್ಯ?"

"ಅದಕ್ಕೆ ಕೊಡೂದಿಲ್ಲ ಮುದ್ದಿ. ಬೇಸಾಯಕ್ಕೆ ಮಾತ್ರ. ನಿನ್ನ ಹೆಸರಲ್ಲಿ ಗದ್ದೆ ಇದ್ರೆ."

"ಗದ್ದೆ ಇಲ್ಲ" ಎಂದಳು ಮುದ್ದಿ.

ಮೊಣ್ಣಪ್ಪನಿಗೂ ಅದು ಗೊತ್ತಿತ್ತು. ಸಭೆಯ ದಿನ ಊಟ ಇರುತ್ತದೆ, ಬಾ ಎಂದು ಹೇಳಿ ಹೋದ. ಅವಳು ಹೋಗಲಿಲ್ಲ. ಆ ದಿನ ನಮ್ಮ ದೊಡ್ಡ ಗದ್ದೆಯಲ್ಲಿ ನಾಟಿ ಇತ್ತು.